ಊರು ಬಿಟ್ಟವರು ನೋಡಿದ ಚಿತ್ರಗಳು

ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಗಂಟು ಕಟ್ಟಿಕೊಂಡು ಕುಳಿತವರನ್ನು ಕಂಡಾಗಲೆಲ್ಲ ನನ್ನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಳೆ ಕೈಕೊಟ್ಟ ವರ್ಷ ಕೊಡಗಿನ ಕಾಫಿ ತೋಟಕ್ಕೋ ಬೆಂಗಳೂರಿನ ಗಾರೆ ಕೆಲಸಕ್ಕೋ ಹೊರಡುವ ಈ ಜನರ ಪಾಡನ್ನು ನಮ್ಮ ಕಲಾವಿದರು ಹೇಗೆ ಕಂಡಿದ್ದಾರೆ? ಉತ್ತರಕ್ಕಾಗಿ ನಾನು ಗ್ರಂಥಭಂಡಾರಕ್ಕಿಂತ ಮೊದಲು ಸಿನಿಮಾ ಟೆಂಟಿಗೆ ಹೋಗುತ್ತೇನೆ. ಕನ್ನಡ ಪಾಠ ಹೇಳಿದವನ ಬಾಯಲ್ಲಿ ಇದು ಹಗುರ ಮಾತೆನಿಸಿದರೆ ಕ್ಷಮೆಯಿರಲಿ.

ಚಾಮರಾಜನಗರಕ್ಕೆ ಸಮೀಪದ, ಇಂದು ತಮಿಳುನಾಡಿಗೆ ಸೇರಿರುವ ಗಾಜನೂರಿನಲ್ಲಿ 1929ರಲ್ಲಿ ಹುಟ್ಟಿದ ಮುತ್ತುರಾಜ, ರಂಗನಟರಾಗಿದ್ದ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಹಿಂದೆ ನಾಟಕ ಕಂಪನಿಯೊಡನೆ ಊರೂರು ಅಲೆದು, 1954ರ 'ಬೇಡರ ಕಣ್ಣಪ್ಪ'ದಿಂದ ರಾಜಕುಮಾರ್ ಆದರು. ಊರು ಬಿಡುವುದೆಂದರೇನೆಂದು ಬಲ್ಲ ಆ ನಟರೇ 1972ರ 'ಬಂಗಾರದ ಮನುಷ್ಯ'ದಲ್ಲಿ ರಾಜೀವನಾದರು. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಭಾವನ ಸಾವಿನಿಂದ ದಿಕ್ಕೆಟ್ಟ ಅಕ್ಕನ ಸಂಸಾರಕ್ಕಾಗಿ ಹಳ್ಳಿಯಲ್ಲಿ ನಿಂತು, ಬರಡು ನೆಲವನ್ನು ಹಸನು ಮಾಡುವವನ ಕಥೆ. ಅದನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದವರುಂಟೆಂದು ಜನ ಹೇಳುತ್ತಾರೆ. ಆದರೆ ಕೊನೆಯನ್ನು ಯಾರೂ ನೆನೆಯುವುದಿಲ್ಲ. ಅಕ್ಕನ ಮಗನಿಂದಲೇ ಹೀನಾಯ ಮಾತು ಕೇಳಿದ ರಾಜೀವ ಊರನ್ನೇ ತೊರೆದು ನಡೆದುಬಿಡುತ್ತಾನೆ. ಚಿತ್ರ ಟೆಂಟಿಗೆ ಬಂದಾಗ ಮರಳಿನ ಮೇಲೆ ಕುಳಿತು ನೋಡಿದ ಹುಡುಗ ನಾನು. ಮನೆಗೆ ನಡೆದು ಬರುವಾಗ ಅಪ್ಪ ಆಡಿದ್ದು ಒಂದೇ ಮಾತು: "ಗೇದವ್ನೇ ಹೊಂಟೋದ, ಕಂಡ್ಯಾ ಮೊಗಾ?"

ಮರುವರ್ಷವೇ, 1973ರಲ್ಲಿ, ದೂರದ ಆಫ್ರಿಕದ ಸೆನೆಗಲ್ ದೇಶದಲ್ಲಿ ಜಿಬ್ರಿಲ್ ಡಿಯೋಪ್ ಮಾಂಬೆಟಿ 'ಟೂಕಿ ಬೂಕಿ' ಎಂಬ ಚಿತ್ರ ತೆಗೆದರು. ದನಗಾಹಿ ಮೋರಿ, ಮೋಟಾರ್ ಸೈಕಲ್ಲಿನ ಮುಂದೆ ದನದ ತಲೆಬುರುಡೆ ಕಟ್ಟಿಕೊಂಡು ಡಕಾರ್ ನಗರದಲ್ಲಿ ಅಲೆಯುತ್ತಾನೆ. ಅವನಿಗೂ ಗೆಳತಿ ಅಂತಾಳಿಗೂ ಪ್ಯಾರಿಸ್ಸಿನ ಕನಸು. ಹಡಗು ಹೊರಡುವ ಹೊತ್ತಿಗೆ ಅವಳು ಏರುತ್ತಾಳೆ, ಅವನು ಹಿಂದಿರುಗಿ ಓಡುತ್ತಾನೆ. ಆ ಬುರುಡೆಯ ಅರ್ಥವನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಆಟೋ ಓಡಿಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗಾಡಿಯ ಗಾಜಿನ ಮೇಲೆ ಮಲೆಯ ಮಾದಪ್ಪ ಹುಲಿಯೇರಿ ಕುಳಿತಿದ್ದಾನೆ.

2005ರಲ್ಲಿ ಪ್ರೇಮ್ ನಿರ್ದೇಶಿಸಿದ 'ಜೋಗಿ'ಯ ನಾಯಕನ ಹೆಸರೂ ಮಾದೇಶನೇ. ಪಾತ್ರಧಾರಿ, ರಾಜಕುಮಾರರ ಮಗ ಶಿವರಾಜಕುಮಾರ್. ಬೆಂಗಳೂರಿಗೆ ಹೋದ ಹಳ್ಳಿಯ ಹುಡುಗ ಭೂಗತ ಲೋಕದ ಪಾಲಾಗುತ್ತಾನೆ. ತಾಯಿ ಅವನನ್ನು ಅರಸುತ್ತ ಆ ಮಹಾನಗರದಲ್ಲಿ ಅಲೆಯುತ್ತಾಳೆ. ಹೊಡೆದಾಟ ಅತಿಯಾಯಿತೆಂಬುದು ನನ್ನ ದೂರು. ಆದರೂ ಕೊನೆಯ ದೃಶ್ಯ ಮರೆಯುವಂಥದಲ್ಲ. ತಾಯಿಯ ಶವವೆಂದು ಅರಿಯದೆ ಮಗ ಅದರ ಮುಂದೆ ಕುಣಿಯುತ್ತಾನೆ. ನಮ್ಮ ಹಳ್ಳಿಗಳಲ್ಲಿ ಸತ್ತವರು ಯಾರೆಂದು ತಿಳಿಯದೆ ತಮಟೆಗೆ ಹೆಜ್ಜೆ ಹಾಕುವುದು ಸಾಧ್ಯವೇ ಇಲ್ಲ. ಅದು ನಗರದಲ್ಲಿ ಮಾತ್ರ ನಡೆಯಬಲ್ಲ ದುರಂತ. ತಂದೆಯ ಚಿತ್ರ ನೆಲವನ್ನು ನಂಬು ಎಂದಿತ್ತು. 33 ವರ್ಷಗಳ ತರುವಾಯ ಮಗನ ಚಿತ್ರದಲ್ಲಿ ಆ ಮಾತಿಗೆ ಎಡೆಯೇ ಉಳಿದಿರಲಿಲ್ಲ.

ಆಟೋ ಓಡಿಸುವ ಆ ಶಿಷ್ಯನನ್ನು ಒಮ್ಮೆ ಕೇಳಿದೆ: 'ಜೋಗಿ' ನೋಡಿದ್ದೀಯಾ?

"ನಾಕು ಸಲ ನೋಡಿವ್ನಿ ಸಾ. ಕೊನೇದು ಮಾತ್ರ ನೋಡಿಲ್ಲ, ಎದ್ದೋಯ್ತೀನಿ" ಎಂದ.

ಅವನ ತಾಯಿ ಗುಂಡ್ಲುಪೇಟೆಯ ಬಳಿಯ ಹಳ್ಳಿಯಲ್ಲಿ ಒಬ್ಬಳೇ ಇದ್ದಾಳೆ.