ಚಾಳಿನ ಟಪಾಲು ಪೆಟ್ಟಿಗೆ

ಊರಿನಿಂದ ಬರುವ ಕಾಗದಗಳು ಕಡಮೆಯಾಗಿವೆಯೆಂಬುದು ನಿಜ. ಕ್ಷೇಮಸಮಾಚಾರವು ಈಗ ಫೋನಿನಲ್ಲಿಯೇ ಬಂದುಬಿಡುತ್ತದೆ. ಆದರೆ ಬ್ಯಾಂಕಿನ ಎ.ಟಿ.ಎಂ. ಕಾರ್ಡು, ಚೆಕ್ಕು ಪುಸ್ತಕ, ಪ್ಯಾನ್ ಕಾರ್ಡು, ವಕೀಲರ ನೋಟೀಸು ಇವೆಲ್ಲ ಇಂದಿಗೂ ಅಂಚೆಯ ಮೂಲಕವೇ ಬರುತ್ತಿರುತ್ತವೆ. ಹೀಗಿರುತ್ತ, ಮುಂಬಯಿಯಲ್ಲಿ ನಮ್ಮವರು ವಾಸಿಸುವ ಚಾಳುಗಳ ಹಾಗೂ ಬಾಡಿಗೆ ಕಟ್ಟಡಗಳ ಟಪಾಲು ಪೆಟ್ಟಿಗೆಯ ಅವಸ್ಥೆಯನ್ನು ನೋಡಿದರೆ ವ್ಯಸನವಾಗುತ್ತದೆ. ಮೆಟ್ಟಿಲ ಬುಡದಲ್ಲಿ ತುಕ್ಕು ಹಿಡಿದ ಒಂದೇ ಡಬ್ಬ; ಅದಕ್ಕೆ ಬೀಗವಿಲ್ಲ. ಮೂವತ್ತು ಖೋಲಿಗಳ ಕಾಗದವೆಲ್ಲ ಅದರೊಳಗೆ. ಮೊದಲು ಬಂದವನು ಎಲ್ಲವನ್ನೂ ಹೊರತೆಗೆದು, ತನ್ನದನ್ನು ಆರಿಸಿಕೊಂಡು, ಮಿಕ್ಕುದನ್ನು ಡಬ್ಬದ ಮೇಲಿಟ್ಟು ಹೋಗುತ್ತಾನೆ. ಅಲ್ಲಿಂದ ಮುಂದೆ ಅದು ಗಾಳಿಯ ಪಾಲು, ಮಕ್ಕಳ ಪಾಲು.

ಪರರ ಮೇಲೆ ದೋಷ ಹೊರಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ನಾವು ಹೋಟೇಲು ನಡೆಸುತ್ತಿದ್ದಾಗ, 2007ರಲ್ಲಿ, ಕುಂದಾಪುರದ ಕಡೆಯ ಹುಡುಗನೊಬ್ಬನು ನಮ್ಮಲ್ಲಿದ್ದನು. ಹಗಲು ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಒಂದು ಕಚೇರಿಯ ಕೆಲಸಕ್ಕೆ ಪರೀಕ್ಷೆಯನ್ನೂ ಬರೆದಿದ್ದನು. ವಿಳಾಸ ಕೊಟ್ಟದ್ದು ನಮ್ಮ ಹೋಟೇಲಿನದು. ಸಂದರ್ಶನದ ಕಾಗದ ಬಂದಿತು. ಬಂದುದು ನಮ್ಮ ಗಲ್ಲೆಯ ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿ ಹಾಲಿನ ಬಿಲ್ಲುಗಳ ಜೊತೆಗೆ ಸೇರಿತು. ಸಂದರ್ಶನದ ದಿನ ಕಳೆದು ಒಂಬತ್ತು ದಿವಸಗಳ ಮೇಲೆ, ತಿಂಗಳ ಲೆಕ್ಕ ನೋಡುವಾಗ ಅದು ನಮ್ಮ ಕೈಗೇ ಸಿಕ್ಕಿತು. ಹುಡುಗನು ಓದಿ, ಮಡಚಿ ಜೇಬಿನಲ್ಲಿಟ್ಟು, "ಅಡ್ಡಿಲ್ಲೆ ಧಣಿ" ಎಂದವನೇ ಬಟ್ಟೆ ಹಿಡಿದು ಟೇಬಲಿನ ಕಡೆಗೆ ಹೋದನು. ಅವನು ಬೈದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು.

ಆ ತಿಂಗಳಲ್ಲಿಯೇ ಬಡಗಿಯನ್ನು ಕರೆಯಿಸಿ ಹನ್ನೆರಡು ಗೂಡುಗಳ ಮರದ ಪೆಟ್ಟಿಗೆಯೊಂದನ್ನು ಮಾಡಿಸಿದೆವು. ಒಂದೇ ಮಳೆಗಾಲಕ್ಕೆ ಅದರ ಬಾಗಿಲುಗಳು ಉಬ್ಬಿ, ತೆಗೆಯಬೇಕಾದರೆ ಉಳಿಯನ್ನು ತರಬೇಕಾಯಿತು! ಮುಂಬಯಿಯ ಮಳೆಗೆ ಮರ ಸಲ್ಲದು. ಬರಿಯ ತಗಡಾದರೆ ತುಕ್ಕು ತಿನ್ನುತ್ತದೆ. ಸತುವಿನ ಲೇಪವುಳ್ಳ ಉಕ್ಕಿನ ತಗಡು ಅಥವಾ ತುಕ್ಕು ಹಿಡಿಯದ ಸ್ಟೀಲು ಇವೆರಡೇ ಬಾಳುವಂಥವು. ಸಾಲುಸಾಲಾಗಿ ಜೋಡಿಸಿದ ಗೂಡುಗಳು, ಪ್ರತಿಯೊಂದಕ್ಕೂ ಬೇರೆ ಬೇರೆ ಬೀಗ, ಮುಂಭಾಗದಲ್ಲಿ ಕಾಗದ ಹಾಕುವ ಸೀಳು. ಬ್ಯಾಂಕುಗಳ ಉದ್ದನೆಯ ಲಕೋಟೆಯು 22 ಸೆಂಟಿಮೀಟರ್ ಉದ್ದ, 11 ಸೆಂಟಿಮೀಟರ್ ಅಗಲವಿರುತ್ತದೆ. ಆದುದರಿಂದ ಸೀಳು 24 ಸೆಂಟಿಮೀಟರಿಗೆ ಕಡಮೆಯಿರಬಾರದು. ಅದರ ಎತ್ತರವಾದರೋ ಕೈ ತೂರದಷ್ಟೇ ಇರತಕ್ಕದ್ದು. ಸೀಳಿನ ಮೇಲೆ ಇಳಿಜಾರಾದ ಸಣ್ಣ ಮುಚ್ಚಳವಿದ್ದರೆ ಎರಚಲು ಒಳಗೆ ಬಾರದು. ದೊಡ್ಡ ಪಾರ್ಸೆಲುಗಳೂ ಹಿಡಿಸಬೇಕೆಂದು ಹಟ ಹಿಡಿಯುವವರುಂಟು. ಆ ಹಟವನ್ನು ಬಿಡುವುದೇ ಲೇಸು. ಪೆಟ್ಟಿಗೆಯಿಡಲು ಗೋಡೆಯೇ ಸಾಲದಾಗುತ್ತದೆ.

ಸ್ಥಳದ ವಿಷಯದಲ್ಲಿ ಅಂಚೆಯವನ ಕಾಲುಗಳನ್ನೂ ನೆನೆಯಬೇಕು. 1920ರ ದಶಕದಲ್ಲಿ ವರ್ಲಿ, ನಾಯಗಾಂವ್ ಮುಂತಾದೆಡೆ ಕಟ್ಟಿದ ಬಿ.ಡಿ.ಡಿ. ಚಾಳುಗಳ ಒಂದೊಂದು ಕಟ್ಟಡದಲ್ಲಿ ನಾಲ್ಕು ಅಂತಸ್ತು, ಅಂತಸ್ತಿಗೆ 20ರಂತೆ 80 ಖೋಲಿಗಳು. ಇಂಥ ಹತ್ತು ಕಟ್ಟಡಗಳ ಮೆಟ್ಟಿಲನ್ನು ದಿನವೂ ಹತ್ತೆಂದು ಯಾರಿಗೆ ಹೇಳೋಣ? ಪೆಟ್ಟಿಗೆಯು ನೆಲದಂತಸ್ತಿನಲ್ಲಿ, ಮಾಡಿನ ಕೆಳಗೆ, ದೀಪವಿರುವಲ್ಲಿ, ಎದೆಯ ಎತ್ತರಕ್ಕೆ ಇರಲಿ. ವಿದ್ಯುತ್ ಮೀಟರಿನ ಮತ್ತು ನೀರಿನ ಪಂಪಿನ ಬಳಿ ಬೇಡ.

1972ರ ಆಗಸ್ಟ್ 15ರಂದು ಆರಂಕೆಯ ಪಿನ್‌ಕೋಡ್ ಜಾರಿಗೆ ಬಂದಿತು. 400019 ಎಂದು ಬರೆದರೆ ಕಾಗದವು ಮಾಟುಂಗದ ವರೆಗೆ ನಿಶ್ಚಯವಾಗಿ ಬರುತ್ತದೆ. ಅಲ್ಲಿಂದ ಖೋಲಿಯ ವರೆಗಿನ ದಾರಿಯನ್ನು ತೋರಿಸುವವರು ನಾವೇ. ಗೂಡಿನ ಮೇಲೆ ಖೋಲಿಯ ನಂಬರು, ವಾಸಿಸುವವರ ಹೆಸರುಗಳು ದೇವನಾಗರಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಇರಬೇಕು. ಕನ್ನಡದಲ್ಲಿ ಬರೆಯಿರೆಂದು ಹೇಳಲು ನಮಗೂ ಆಸೆಯೇ. ಆದರೆ ಓದಬೇಕಾದವನು ಅಂಚೆಯವನು! ಒಂದೇ ಖೋಲಿಯಲ್ಲಿ ಎಂಟು ಮಂದಿ ಹೋಟೇಲು ಕೆಲಸಗಾರರಿದ್ದರೆ ಎಂಟು ಹೆಸರುಗಳೂ ಇರಲಿ. ಬಾಡಿಗೆಯ ಕರಾರು ಯಾರ ಹೆಸರಿನಲ್ಲಿದೆಯೋ ಅವರ ಹೆಸರೊಂದನ್ನೇ ಬರೆದು ಮಿಕ್ಕ ಏಳು ಮಂದಿ "ಇಲ್ಲಿಲ್ಲ"ವೆಂಬ ಷರಾ ಹೊತ್ತು ಕಾಗದಗಳು ಮರಳಿಹೋದುದನ್ನು ನಾವು ಕಂಡಿದ್ದೇವೆ.

ರಿಜಿಸ್ಟರ್ ಕಾಗದವು ಹೇಗೂ ಕೈಗೇ ಬರುವುದಲ್ಲ, ಪೆಟ್ಟಿಗೆಯ ಗೊಡವೆ ಏಕೆಂದು ಕೆಲವರು ಕೇಳುವರು. 2025ರಲ್ಲಿ ರಿಜಿಸ್ಟರ್ ಅಂಚೆಯನ್ನು ಸ್ಪೀಡ್ ಪೋಸ್ಟಿನೊಂದಿಗೆ ವಿಲೀನಗೊಳಿಸಲಾಗಿದೆ. ಅದು ಹೇಗೇ ಬರಲಿ, ಅಂಚೆಯವನು ಬರುವ ಹೊತ್ತಿಗೆ ಗುಮಾಸ್ತನು ಕಚೇರಿಯಲ್ಲಿ, ಮಾಣಿಯು ಹೋಟೇಲಿನಲ್ಲಿ, ಖೋಲಿಗೆ ಬೀಗ. ಆಗ ಅವನು ಬಿಟ್ಟುಹೋಗುವ ಸೂಚನಾ ಚೀಟಿಯು ಬೀಳುವುದು ಇದೇ ಪೆಟ್ಟಿಗೆಯಲ್ಲಿ. ಚೀಟಿ ಕಳೆದುಹೋದರೆ, ಅಂಚೆ ಕಚೇರಿಯಲ್ಲಿ ಕೆಲವು ದಿನ ಕಾದಿದ್ದ ಕಾಗದವು ಕಳುಹಿಸಿದವರಿಗೇ ಮರಳುತ್ತದೆ. ಅದು ನೋಟೀಸಾಗಿದ್ದರೆ ಕಷ್ಟ ಇನ್ನೂ ಹೆಚ್ಚು: ಸರಿಯಾದ ವಿಳಾಸಕ್ಕೆ ರಿಜಿಸ್ಟರ್ ಮಾಡಿ ಕಳುಹಿಸಿದ್ದು ತಲುಪಿತೆಂದೇ 1897ರ ಜನರಲ್ ಕ್ಲಾಸಸ್ ಕಾಯಿದೆಯ 27ನೆಯ ಕಲಮು ಭಾವಿಸುತ್ತದೆ. ತಲುಪಲಿಲ್ಲವೆಂದು ಸಿದ್ಧಪಡಿಸುವ ಭಾರವು ಬಡವನ ತಲೆಯ ಮೇಲೆ.

ಖರ್ಚು ಕೊಡುವವರಾರು? ಮಾಲಕರನ್ನು ಮೊದಲು ಕೇಳಬೇಕು. ಪಗಡಿಯ ಹಳೆಯ ಕಟ್ಟಡಗಳಲ್ಲಿ ಸೋರುವ ಮಾಡನ್ನೇ ನೋಡದ ಮಾಲಕರು ಪೆಟ್ಟಿಗೆಗೆ ಹಣ ಕೊಡುವರೆಂಬ ಭರವಸೆ ನಮಗಿಲ್ಲ. ಗೋಡೆಗೆ ಮೊಳೆ ಹೊಡೆಯಲು ಲಿಖಿತ ಒಪ್ಪಿಗೆ ಪಡೆದು, ಖೋಲಿಗಿಷ್ಟೆಂದು ವಂತಿಗೆ ಎತ್ತುವುದೇ ಸುಲಭ. ಎಂಟು ಮಂದಿಯ ಖೋಲಿಗೆ ಎರಡು ಕೀಲಿಗಳು ಸಾಕು: ಒಂದು ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿರಲಿ, ಇನ್ನೊಂದು ಹಿರಿಯವನಲ್ಲಿ.

ಖೋಲಿ ಬಿಡುವಾಗ ಹೊಸ ವಿಳಾಸವನ್ನು ಆ ವಠಾರದ ಅಂಚೆ ಕಚೇರಿಗೆ ಬರೆದುಕೊಟ್ಟರೆ ಕಾಗದಗಳನ್ನು ಅಲ್ಲಿಗೆ ತಿರುಗಿಸುತ್ತಾರೆ. ಹೆಸರಿನ ಚೀಟಿಯನ್ನು ಕಿತ್ತು, ಕೀಲಿಯನ್ನು ಒಪ್ಪಿಸಿಯೇ ಹೋಗಬೇಕು. ಹೊಸದಾಗಿ ಬಂದವರು ಹಳೆಯ ಬೀಗವನ್ನು ನೆಚ್ಚಬಾರದು. ಹಿಂದಿದ್ದವರು ಕೀಲಿಯ ನಕಲು ಎಷ್ಟು ಮಾಡಿಸಿದ್ದರೋ, ಯಾರು ಬಲ್ಲರು?