ನೇಕಾರನ ಕೂಲಿಯೂ ಯುದ್ಧದ ನ್ಯಾಯವೂ

ಸಮಾಜವಾದ ಲೇಸೋ, ಬಂಡವಾಳಶಾಹಿ ಲೇಸೋ ಎಂಬ ವಾದ ಕೆರೂರಿನ ಸೀಮೆಗೆ ಪುಸ್ತಕಗಳಿಂದ ಬಂದುದಲ್ಲ. ಕೆರೂರು, ಗುಳೇದಗುಡ್ಡ, ಇಳಕಲ್ಲುಗಳ ಮಗ್ಗಗಳ ನಡುವೆ ಅದು ತಲೆಮಾರುಗಳಿಂದ ನೆಲೆಸಿದೆ. ನೂಲು ಸಾವಕಾರನದು, ದುಡಿಮೆ ನೇಕಾರನದು, ನೆಯ್ದಿಳಿಸಿದ ಸೀರೆ ಮತ್ತೆ ಸಾವಕಾರನದು. ಕೂಲಿಯನ್ನು ಗೊತ್ತುಮಾಡಬೇಕಾದವರು ಯಾರು? ಪೇಟೆಯೇ, ಸರಕಾರವೇ? ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲಿಯೇ ಬಂದಿತು. ವಿದ್ಯುತ್ ಮಗ್ಗದ ಅಗ್ಗದ ಸೀರೆ ಅದರಿಂದ ಹಿಂಜರಿಯಲಿಲ್ಲ.

ಧರ್ಮಸಭೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡುದು 1891ರ ಮೇ 15ರಂದು. ಅಂದು ಜಗದ್ಗುರು ಹದಿಮೂರನೆಯ ಲಿಯೋ ಅವರು ಹೊರಡಿಸಿದ 'ರೇರುಂ ನೊವಾರುಂ' ವಿಶ್ವಪತ್ರ, ಖಾಸಗಿ ಆಸ್ತಿಯನ್ನೇ ಅಳಿಸಬೇಕೆಂಬ ಸಮಾಜವಾದಿಗಳ ಮಾತನ್ನು ಒಪ್ಪಲಿಲ್ಲ. ಹಾಗೆಂದು ಗಿರಣಿ ಮಾಲೀಕರ ಬೆನ್ನನ್ನೂ ತಟ್ಟಲಿಲ್ಲ. ಹಸಿವಿಗಂಜಿ ಕೆಲಸಗಾರ ಒಪ್ಪಿದನೆಂಬ ಮಾತ್ರಕ್ಕೆ ಅರೆಹೊಟ್ಟೆಯ ಕೂಲಿ ನ್ಯಾಯವಾಗದು, ಸಂಘ ಕಟ್ಟಿಕೊಳ್ಳುವುದು ದುಡಿಯುವವನ ಹಕ್ಕು ಎಂದು ಸಾರಿತು. ನೂರು ವರ್ಷಗಳ ಬಳಿಕ, ಬರ್ಲಿನ್ ಗೋಡೆ ಉರುಳಿ ಎಲ್ಲರೂ ಬಂಡವಾಳಶಾಹಿಯ ಜಯಘೋಷದಲ್ಲಿದ್ದಾಗ, ಎರಡನೆಯ ಜಾನ್ ಪೌಲರು 1991ರಲ್ಲಿ ಅದೇ ಎಚ್ಚರಿಕೆಯನ್ನು ಮತ್ತೆ ನೀಡಿದರು. 2025ರಲ್ಲಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಅವರು ಆ ಹೆಸರನ್ನು ಆರಿಸಿಕೊಂಡುದೂ ಈ ಪರಂಪರೆಯನ್ನು ನೆನೆದೇ.

ನಮ್ಮ ಸೀಮೆಯ ಜನ ವಿಶ್ವಪತ್ರಕ್ಕೆ ಕಾದು ಕುಳಿತವರಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದರು. 1989ರಲ್ಲಿ ಜಮಖಂಡಿಯ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಇದು ಸಮಾಜವಾದವೋ, ಖಾಸಗಿ ಉದ್ಯಮವೋ? ಪಂಡಿತರು ನಿರ್ಣಯಿಸಲಿ. ಮತದಾರರಂತೂ 1991ರ ಲೋಕಸಭಾ ಚುನಾವಣೆಯಲ್ಲಿ ಬ್ಯಾರೇಜಿನ ಮುಂದಾಳು ಸಿದ್ದು ನ್ಯಾಮಗೌಡರನ್ನು ಗೆಲ್ಲಿಸಿ, ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಮನೆಗೆ ಕಳುಹಿಸಿದರು.

ವಾದ ಮಾತಿನಲ್ಲಿ ಉಳಿದಿರುವವರೆಗೆ ಭಯವಿಲ್ಲ. ಅದು ಬಂದೂಕು ಹಿಡಿದಾಗಲೇ ನಾವು ಬೆದರಬೇಕು. ಸಮಾಜವಾದವನ್ನು ಕಾಪಾಡಲೆಂದು ಸೋವಿಯತ್ ರಣಗಾಡಿಗಳು 1956ರಲ್ಲಿ ಬುಡಾಪೆಸ್ಟಿಗೆ, 1968ರಲ್ಲಿ ಪ್ರಾಗಿಗೆ ನುಗ್ಗಿದವು. ಅದೇ ಸಮಾಜವಾದವನ್ನು ತಡೆಯಲೆಂದು ಅಮೆರಿಕ ವಿಯೆಟ್ನಾಮಿನ ಮೇಲೆ ಬಾಂಬು ಸುರಿಯಿತು. 2003ರಲ್ಲಿ ಇರಾಕಿನ ಮೇಲೆ ಬೀಳಲು ಕೊಟ್ಟ ಕಾರಣ ಸಾಮೂಹಿಕ ವಿನಾಶದ ಅಸ್ತ್ರಗಳು; ಹುಡುಕಿದಾಗ ಅವು ಸಿಗಲೇ ಇಲ್ಲ. ಆ ಯುದ್ಧ ಬೇಡವೆಂದು ಜಾನ್ ಪೌಲರು ಅಂಗಲಾಚಿದ್ದರು.

ದೂರದ ದೇಶಗಳ ಮಾತು ಸಾಕು. ನಮ್ಮ ಮುಧೋಳ ಸೀಮೆಯ ಹಲಗಲಿಯನ್ನು ನೋಡೋಣ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂದು ಕಂಪನಿ ಸರಕಾರ ಕಾಯಿದೆ ಮಾಡಿತು. ಬೇಡರಿಗೆ ಆಯುಧವೆಂದರೆ ಅನ್ನ, ಮಾನ. ಅವರು ಒಪ್ಪಲಿಲ್ಲ. ಸೈನ್ಯ ಬಂದಿತು, ಊರು ಸುಟ್ಟಿತು, 19 ಮಂದಿ ಗಲ್ಲಿಗೇರಿದರು. ಕೊಟ್ಟ ಕಾರಣ ಶಾಂತಿ, ಸುವ್ಯವಸ್ಥೆ. ಕಾರಣ ಕೊಟ್ಟವರು ಷೇರುದಾರರಿಗೆ ಲಾಭ ಹಂಚಲೆಂದು ಹುಟ್ಟಿದ ವ್ಯಾಪಾರಿ ಸಂಸ್ಥೆಯವರು!

ಸಂತ ಅಗಸ್ಟೀನರಿಂದ ಹರಿದುಬಂದ ನ್ಯಾಯಯುದ್ಧದ ವಿಚಾರಕ್ಕೆ 1992ರ ಧರ್ಮೋಪದೇಶ ಗ್ರಂಥವೂ ಬಿಗಿಯಾದ ಕಟ್ಟಳೆಗಳನ್ನು ಹಾಕಿದೆ. ಆಕ್ರಮಣಕಾರನ ಹಾನಿ ಘೋರವೂ ನಿಶ್ಚಿತವೂ ಆಗಿರಬೇಕು. ಬೇರೆಲ್ಲ ದಾರಿಗಳೂ ಮುಚ್ಚಿರಬೇಕು. ಗೆಲ್ಲುವ ಭರವಸೆ ಇರಬೇಕು. ನಿವಾರಿಸಲು ಹೊರಟ ಕೇಡಿಗಿಂತ ಯುದ್ಧದ ಕೇಡು ದೊಡ್ಡದಾಗಬಾರದು. ಹಲಗಲಿಯಲ್ಲಿ ಕಂಪನಿ ಇವುಗಳಲ್ಲಿ ಮೊದಲನೆಯದನ್ನೇ ದಾಟಲಾರದು. ಇಂದಿನ ಅಸ್ತ್ರಗಳ ಕಾಲದಲ್ಲಿ ಇಂಥ ಸಮರ್ಥನೆ ಬಲು ಕಷ್ಟವೆಂದು ಫ್ರಾನ್ಸಿಸ್ ಜಗದ್ಗುರುಗಳು 2020ರಲ್ಲಿ ಬರೆದರು. ಗಡಿಯಲ್ಲಿ ಕಾವಲಿರುವ ನಮ್ಮ ಯೋಧರ ಆತ್ಮರಕ್ಷಣೆಯ ಹಕ್ಕನ್ನು ಅದು ಕಸಿಯುವುದಿಲ್ಲ. ಯುದ್ಧ ಬೇಕೆಂದು ಚಹಾದಂಗಡಿಯಲ್ಲಿ ಕೂಗುವವರ ಬಾಯಿಗೆ ಮಾತ್ರ ಕಡಿವಾಣ ಹಾಕುತ್ತದೆ.

ಗೆದ್ದವರ ಕಾರಣಗಳು ಕಲ್ಲಿನ ಮೇಲೂ ಉಳಿಯುತ್ತವೆ. ಐಹೊಳೆಯ ಮೇಗುತಿ ಬಸದಿಯಲ್ಲಿ ರವಿಕೀರ್ತಿಯು 634ರಲ್ಲಿ ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು ಕೊರೆಯಿಸಿದನು. ಹತ್ತು ವರ್ಷ ತುಂಬುವ ಮೊದಲೇ ಪಲ್ಲವರು ಬಾದಾಮಿಯನ್ನು ಹಿಡಿದು, ತಮ್ಮ ಶಾಸನವನ್ನು ಅಲ್ಲಿಯ ಬಂಡೆಗೇ ಬರೆಸಿದರು. ಐಹೊಳೆಯ ಶಾಸನವನ್ನು ಸಂಪಾದಿಸಿದ ಆಂಗ್ಲ ಅಧಿಕಾರಿ ಜೆ. ಎಫ್. ಫ್ಲೀಟ್, ಸೋತ ಹಲಗಲಿ ಬೇಡರ ಲಾವಣಿಯನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದನು. ಅದು ಇಂದಿಗೂ ನಮ್ಮ ಮಕ್ಕಳ ಪಾಠದಲ್ಲಿದೆ.