ಊಟ ಸೇರದ ಬಾಣಂತಿ

ದೆಹಲಿಯಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಹೆರಿಗೆಯ ದಿನ ಹತ್ತಿರವಾಯಿತೆಂದರೆ ಊರಿನಿಂದ ಅಮ್ಮ ಬರಲು ಟಿಕೆಟ್ ಬುಕ್ ಆಗುತ್ತದೆ. ಹಿಂದೆ ಮಗಳೇ ತವರಿಗೆ ಹೋಗುತ್ತಿದ್ದಳು. ಈಗ ಅವಳ ಡಾಕ್ಟರು, ಆಫೀಸು, ಗಂಡನ ಕೆಲಸ ಎಲ್ಲವೂ ಗುರುಗ್ರಾಮ, ನೋಯ್ಡಾಗಳಲ್ಲೇ ಇರುವುದರಿಂದ ತವರೇ ರೈಲು ಹತ್ತಿ ಬರುತ್ತದೆ. ಅಮ್ಮನ ಚೀಲದಲ್ಲಿ ಬಾಣಂತಿ ಲೇಹ್ಯ, ಮೆಣಸಿನ ಸಾರಿನ ಪುಡಿ, ಒಣಕೊಬ್ಬರಿ, ಮೆಂತ್ಯ, ಅಂಟಿನುಂಡೆ. ಎದುರು ಮನೆಯ ಪಂಜಾಬಿ ಅಜ್ಜಿ ತುಪ್ಪದಲ್ಲಿ ಹುರಿದ ಪಂಜೀರಿಯ ಡಬ್ಬಿ ಹಿಡಿದು ಬರುತ್ತಾರೆ. ಭಾಷೆ ಬೇರೆಯಾದರೂ ತುಪ್ಪದ ವಿಷಯದಲ್ಲಿ ಇಬ್ಬರದೂ ಒಂದೇ ಮತ.

ಬಾಣಂತಿ ಎಷ್ಟು ಉಂಡಳು, ಏನು ಬಿಟ್ಟಳು, ಯಾವುದು ನಂಜು, ಯಾವುದು ವಾಯು ಎಂಬ ಲೆಕ್ಕ ಮನೆಮಂದಿಗೆಲ್ಲ ಬಾಯಿಪಾಠ. ಅವಳ ಮನಸ್ಸು ಹೇಗಿದೆ ಎಂದು ಕೇಳುವವರು ಮಾತ್ರ ಕಡಿಮೆ.

ಮನೋವಿಜ್ಞಾನ ಹೊರಟದ್ದು ಇದಕ್ಕೆ ತೀರಾ ತಿರುಗಾಮುರುಗಾ. 1987ರಲ್ಲಿ ಜಾನ್ ಕಾಕ್ಸ್, ಜೆನಿಫರ್ ಹೋಲ್ಡನ್, ರೂತ್ ಸಗೋವ್‌ಸ್ಕಿ ಎಂಬ ಮೂವರು ಬಾಣಂತಿಯರ ಖಿನ್ನತೆಯನ್ನು ಗುರುತಿಸಲು ಹತ್ತು ಪ್ರಶ್ನೆಗಳ ಒಂದು ಪಟ್ಟಿ ಪ್ರಕಟಿಸಿದರು. ಎಡಿನ್‌ಬರೋ ಪಟ್ಟಿ ಎಂದೇ ಅದು ಲೋಕಪ್ರಸಿದ್ಧ. ಕಳೆದ ಏಳು ದಿನಗಳಲ್ಲಿ ನಗು ಬಂತೇ, ವಿನಾಕಾರಣ ನಿಮ್ಮನ್ನೇ ದೂರಿಕೊಂಡಿರಾ, ಅಳು ಬಂತೇ, ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆ ಸುಳಿಯಿತೇ ಎಂದೆಲ್ಲ ಅದು ಕೇಳುತ್ತದೆ. ಊಟದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಇದು ಮರೆವಲ್ಲ, ಬೇಕೆಂದೇ ಬಿಟ್ಟದ್ದು. ರಾತ್ರಿಯೆಲ್ಲ ಮಗುವಿಗಾಗಿ ಎದ್ದು ಕೂರುವವಳಿಗೆ ಆಯಾಸವೂ ಸಹಜ, ಹೊತ್ತಲ್ಲದ ಹೊತ್ತಿನ ಹಸಿವೂ ಸಹಜ. ಅದನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಆರೋಗ್ಯವಾಗಿರುವ ಬಾಣಂತಿಯೂ ರೋಗಿಯಾಗಿ ಕಾಣುತ್ತಾಳೆ.

ವಾದ ಸರಿಯೇ. ಆದರೆ ನಮ್ಮ ಹೆಣ್ಣುಮಕ್ಕಳು ‘ಮನಸ್ಸು ಸರಿಯಿಲ್ಲ’ ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ‘ಊಟ ಸೇರ್ತಿಲ್ಲ’ ಎನ್ನುತ್ತಾರೆ, ‘ತಲೆ ಭಾರ’ ಎನ್ನುತ್ತಾರೆ. ಅಮ್ಮ ಅದಕ್ಕೆ ಜೀರಿಗೆ ಕಷಾಯ ಕಾಯಿಸುತ್ತಾಳೆ. ಭಾರತದಲ್ಲೂ ಬಳಕೆಯಲ್ಲಿರುವ ಪಿಎಚ್‌ಕ್ಯೂ-9 ಎಂಬ ಇನ್ನೊಂದು ಪಟ್ಟಿಯ ಐದನೇ ಪ್ರಶ್ನೆ ಈ ಮಾತನ್ನೇ ಹಿಡಿಯುತ್ತದೆ: ಹಸಿವು ಕುಂದಿದೆಯೇ, ಇಲ್ಲವೇ ಅತಿಯಾಗಿ ತಿನ್ನುತ್ತಿದ್ದೀರಾ? ಖಿನ್ನತೆ ಎರಡೂ ದಾರಿಯಲ್ಲಿ ಬರಬಹುದು. ತಟ್ಟೆ ಖಾಲಿಯಾಯಿತೆಂದು ಮನೆಯವರು ನಿಶ್ಚಿಂತರಾಗುವ ಹಾಗಿಲ್ಲ.

ಇದು ಎಲ್ಲೋ ಒಬ್ಬಿಬ್ಬರ ಕಥೆಯಲ್ಲ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಅಂದರೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ತಾಯಂದಿರ ಮಾಹಿತಿಯನ್ನು, ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾದ ಲೇಖನದ ಪ್ರಕಾರ ಹೆರಿಗೆಯ ನಂತರದ ಖಿನ್ನತೆ ಶೇ 22ರಷ್ಟು ತಾಯಂದಿರಲ್ಲಿದೆ. ಅದಕ್ಕೂ ಮೊದಲು, 2002ರಲ್ಲಿ, ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ ಕಂಡದ್ದು ಶೇ 23. ಬಡತನ ಮತ್ತು ಗಂಡನೊಡನೆ ಹದಗೆಟ್ಟ ಸಂಬಂಧದ ಜೊತೆಗೆ ಹುಟ್ಟಿದ್ದು ಹೆಣ್ಣು ಮಗು ಎಂಬುದೂ ಕಾರಣಗಳ ಸಾಲಿನಲ್ಲಿತ್ತು. ಅದೇ ತಂಡ ಮರುವರ್ಷ ಪ್ರಕಟಿಸಿದ ಸಂಗತಿ ಇನ್ನೂ ಕಳವಳದ್ದು. ಖಿನ್ನತೆಯಿದ್ದ ತಾಯಂದಿರ ಮಕ್ಕಳು ಆರು ತಿಂಗಳಾಗುವಷ್ಟರಲ್ಲಿ ತೂಕದಲ್ಲೂ ಉದ್ದದಲ್ಲೂ ಹಿಂದೆ ಬಿದ್ದಿದ್ದವು.

ತಾಯಿಯ ಮನಸ್ಸು ಮತ್ತು ತಟ್ಟೆ ಎರಡನ್ನೂ ಒಟ್ಟಿಗೆ ನೋಡಿದ ದೊಡ್ಡ ಪ್ರಯೋಗವೊಂದು ನಡೆದದ್ದು ದೆಹಲಿಯಲ್ಲೇ. ಸೊಸೈಟಿ ಫಾರ್ ಅಪ್ಲೈಡ್ ಸ್ಟಡೀಸ್ ಸಂಸ್ಥೆಯ ಸಂಶೋಧಕರು ಕೆಳ ಮತ್ತು ಮಧ್ಯಮ ವರ್ಗದ ಬಡಾವಣೆಗಳಲ್ಲಿ 13,500 ಯುವತಿಯರನ್ನು ಆರಿಸಿಕೊಂಡರು. ಅವರಿನ್ನೂ ಗರ್ಭಿಣಿಯರಾಗಿರಲಿಲ್ಲ ಎಂಬುದೇ ಇಲ್ಲಿನ ವಿಶೇಷ. ಚೀಟಿ ಎತ್ತಿದ ಹಾಗೆ ಕೆಲವರನ್ನು ಬೇರ್ಪಡಿಸಿ ಅವರಿಗೆ ಆರೋಗ್ಯ ತಪಾಸಣೆ, ಪೌಷ್ಟಿಕ ಆಹಾರ, ಶುದ್ಧ ನೀರು ಮತ್ತು ನೈರ್ಮಲ್ಯಕ್ಕೆ ನೆರವು, ಜೊತೆಗೆ ಮಾನಸಿಕ ಬೆಂಬಲ, ಇಷ್ಟನ್ನೂ ಒಂದೇ ಗಂಟಿನಲ್ಲಿ ಕೊಟ್ಟರು. ಉಳಿದವರಿಗೆ ಎಂದಿನ ಆರೋಗ್ಯ ಸೇವೆ. ಫಲಿತಾಂಶ ಬಂದದ್ದು 2022ರಲ್ಲಿ, ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ. ಗರ್ಭ ಧರಿಸುವ ಮೊದಲೂ ಗರ್ಭಿಣಿಯಾಗಿದ್ದಾಗಲೂ ನೆರವು ಸಿಕ್ಕವರಲ್ಲಿ ಕಡಿಮೆ ತೂಕದ ಮಕ್ಕಳು ಹುಟ್ಟಿದ್ದು ಸುಮಾರು ಶೇ 23. ಎಂದಿನ ಸೇವೆ ಮಾತ್ರ ಸಿಕ್ಕವರಲ್ಲಿ ಹತ್ತಿರ ಹತ್ತಿರ ಶೇ 29. ಮಗುವಿನ ಮೊದಲೆರಡು ವರ್ಷವೂ ನೆರವು ಮುಂದುವರಿದ ಮನೆಗಳಲ್ಲಿ ಎರಡು ವರ್ಷದ ಹೊತ್ತಿಗೆ ಕುಂಠಿತ ಬೆಳವಣಿಗೆ ಶೇ 10ರ ಆಸುಪಾಸು. ಉಳಿದ ಕಡೆ ಅದು ಶೇ 20.

ಇದರಲ್ಲಿ ಮೊಟ್ಟೆ ಹಾಲಿನ ಪಾಲೆಷ್ಟು, ಸಮಾಧಾನದ ಮಾತಿನ ಪಾಲೆಷ್ಟು? ಗಂಟಾಗಿ ಕೊಟ್ಟಿದ್ದನ್ನು ಬಿಡಿಸಿ ತೂಗಲು ಬರುವುದಿಲ್ಲ. ಪ್ರಯೋಗದ ಮಿತಿ ಅದು. ಆದರೂ ಸಂಸಾರಸ್ಥರ ಕಣ್ಣಿಗೆ ಇದು ಮಿತಿಗಿಂತ ವಾಸ್ತವವಾಗಿಯೇ ಕಾಣುತ್ತದೆ. ಮನೆಯಲ್ಲಿ ಇವೆರಡು ಬೇರೆಬೇರೆಯಾಗಿ ಇದ್ದದ್ದಾದರೂ ಯಾವಾಗ?

ಪಥ್ಯದ ಇನ್ನೊಂದು ಮುಖ ಬಾಣಂತನ ಮುಗಿದ ಮೇಲೆ ಕಾಣಿಸುತ್ತದೆ. ಮೂರು ತಿಂಗಳು ತುಪ್ಪ ಬಡಿಸಿದ ಬಂಧುಗಳೇ ‘ಏನೇ, ಇಷ್ಟು ದಪ್ಪಗಾಗಿಬಿಟ್ಟಿದ್ದೀಯ’ ಎನ್ನಲು ಶುರುಮಾಡುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೆಹಲಿಯ ಮಹಿಳೆಯರಲ್ಲಿ ಶೇ 41 ಮಂದಿಗೆ ಅಧಿಕ ತೂಕ ಇಲ್ಲವೇ ಬೊಜ್ಜು. ಕರ್ನಾಟಕದಲ್ಲಿ ಶೇ 30. ಹೀಗಾಗಿ ಡಯಟ್ ಆರಂಭ. ಆದರೆ ಬಾಯಿ ಕಟ್ಟುವುದು ತಿರುಗಿ ಬೀಳುವುದೂ ಉಂಟು. 1975ರಲ್ಲಿ ಮನೋವಿಜ್ಞಾನಿಗಳಾದ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಕಾಲೇಜು ಹುಡುಗಿಯರಿಗೆ ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಂ ಮುಂದಿಟ್ಟಿದ್ದರು. ಎಂದಿನಂತೆ ಉಣ್ಣುವವರು ಮಿಲ್ಕ್‌ಶೇಕ್ ಹೊಟ್ಟೆಗಿಳಿದ ಮೇಲೆ ಐಸ್‌ಕ್ರೀಂ ಕಡಿಮೆ ತಿಂದರು. ಸದಾ ಬಾಯಿ ಕಟ್ಟುವವರು ಇನ್ನೂ ಹೆಚ್ಚು ತಿಂದರು. ಹೇಗೂ ವ್ರತ ಕೆಟ್ಟಿತು, ಇನ್ನೇನು ಎಂಬ ಭಾವ. ಅದರ ಹಿಂದೆಯೇ ಬರುವ ಪಶ್ಚಾತ್ತಾಪ ಮೊದಲೇ ಕುಗ್ಗಿದ ತಾಯಿಯನ್ನು ಇನ್ನಷ್ಟು ಕುಗ್ಗಿಸುತ್ತದೆ.

ಹಾಗೆಂದು ಅಜ್ಜಿಯರ ಪದ್ಧತಿಯೆಲ್ಲ ತಪ್ಪೆನ್ನುವಂತಿಲ್ಲ. ಸಂಶೋಧಕರಾದ ಜೂಲಿ ಮೆನ್ನೆಲ್ಲಾ ಮತ್ತು ಗ್ಯಾರಿ ಬೋಚಾಂಪ್ 1991ರಲ್ಲಿ ತೋರಿಸಿದಂತೆ, ತಾಯಿ ಬೆಳ್ಳುಳ್ಳಿ ಸೇವಿಸಿದ ಸುಮಾರು ಎರಡು ಗಂಟೆಯಲ್ಲಿ ಅದರ ವಾಸನೆ ಎದೆಹಾಲಿಗೆ ಇಳಿಯುತ್ತದೆ. ಆಗ ಶಿಶುಗಳು ಮುಖ ತಿರುಗಿಸಲಿಲ್ಲ, ಇನ್ನೂ ಹೆಚ್ಚು ಹೊತ್ತು ಎದೆ ಕಚ್ಚಿಕೊಂಡಿದ್ದವು. ಅಜ್ಜಿಯರು ಹೆದರುತ್ತಿದ್ದ ‘ಬಾಣಂತಿ ಸನ್ನಿ’ಯೂ ಕಟ್ಟುಕಥೆಯಲ್ಲ. ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ದೆಗೆಟ್ಟು, ಭ್ರಮೆ ಹತ್ತುವ ಆ ಸ್ಥಿತಿ ತುರ್ತು ಚಿಕಿತ್ಸೆ ಬೇಡುವ ಕಾಯಿಲೆ. ಅಂಥ ತಾಯಿಯನ್ನು ಮಗುವಿನ ಜೊತೆಯಲ್ಲೇ ದಾಖಲಿಸಿಕೊಳ್ಳುವ ವಿಭಾಗವನ್ನು ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತೆರೆಯಿತು. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ.

ಅಮ್ಮ ಬರಲಾಗದ ಮನೆಗಳಿಗೆ ದೆಹಲಿಯಲ್ಲಿ ‘ಜಾಪಾ’ ಹೆಂಗಸರಿದ್ದಾರೆ. ನಲವತ್ತು ದಿನವೋ ಇನ್ನೂ ಹೆಚ್ಚೋ ಮನೆಯಲ್ಲೇ ಉಳಿದು ಎಣ್ಣೆ ತಿಕ್ಕುವುದು, ಮಗುವಿಗೆ ನೀರು ಹಾಕುವುದು, ರಾತ್ರಿ ಎದ್ದು ಕೂರುವುದು ಅವರ ಕೆಲಸ. ಬಾಣಂತಿ ಒಬ್ಬಳೇ ಅಳುವುದನ್ನು ಮೊದಲು ಕಾಣುವವರೂ ಅವರೇ ಇರಬೇಕು. ಗೋವಾದಲ್ಲಿ ಇಂಥದ್ದೇ ಸಾಮಾನ್ಯ ಹೆಂಗಸರಿಗೆ ತರಬೇತಿ ಕೊಟ್ಟು, ‘ಸಖಿ’ಯರೆಂದು ಕರೆದು, ಖಿನ್ನತೆಯಿದ್ದ ಗರ್ಭಿಣಿಯರ ಮನೆಗೆ ಕಳಿಸಿದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಹೆರಿಗೆಯಾಗಿ ಆರು ತಿಂಗಳಿಗೆ ಸಖಿಯರ ಒಡನಾಟ ಸಿಕ್ಕವರಲ್ಲಿ ಚೇತರಿಸಿಕೊಂಡವರು ಹೆಚ್ಚಿದ್ದರು. ಜಾಪಾ ಹೆಂಗಸರನ್ನು ಒದಗಿಸುವ ಏಜೆನ್ಸಿಗಳು ಮಸಾಜ್ ಕಲಿಸಿದಂತೆ ಇಂಥ ಒಡನಾಟವನ್ನೂ ಕಲಿಸಬಹುದು.

ಅಲ್ಲಿಯವರೆಗೆ ಫೋನಂತೂ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ನಡೆಯುವ ಉಚಿತ ಸೇವೆ, ಅದರ 20 ಭಾಷೆಗಳಲ್ಲಿ ಕನ್ನಡವೂ ಒಂದು. ಬಾಣಂತಿಯೇ ಕರೆ ಮಾಡಬೇಕೆಂದೇನಿಲ್ಲ. ಗಂಡ, ಅಮ್ಮ, ಅತ್ತೆ ಯಾರು ಬೇಕಾದರೂ ಮಾಡಬಹುದು.